ನನ್ನ ಪಿಸ್ತಾ ಮರದ ಬುಡವನ್ನೂ ಅಗೆಯಿರಿ

ವಸ್ತುಸಂಗ್ರಹಾಲಯದ ನಿರ್ದೇಶಕರೇ,

ನನಗೆ ಹೊಟ್ಟೆಕಿಚ್ಚು. ಅದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ, ನಿಮ್ಮ ತಜ್ಞರು ಅಗೆದು ತೆಗೆಯುವ ಶ್ರಮ ತಪ್ಪಲಿ. ಪಕ್ಕದ ಶಾಬಾನ್ ನೀರಿನ ತೊಟ್ಟಿಗೆಂದು ತನ್ನ ಪಿಸ್ತಾ ತೋಟದಲ್ಲಿ ಗುಂಡಿ ತೋಡಿದಾಗ ಬಣ್ಣದ ಕಲ್ಲಿನ ಚೂರು ಜೋಡಿಸಿ ಚಿತ್ರ ಮೂಡಿಸಿದ, ರೋಮನ್ನರ ಕಾಲದ ಮೊಸಾಯಿಕ್ ನೆಲ ಸಿಕ್ಕಿತು. ಐದು ತಿಂಗಳಿಂದ ನಿಮ್ಮವರು ಅಲ್ಲಿ ಕುಂಚ ಹಿಡಿದು ಕೂತಿದ್ದಾರೆ. ಆ ನೆಲ ಬೇಲಿಯ ಅಡಿಯಲ್ಲಿ ಹಾದು ನನ್ನ ತೋಟಕ್ಕೂ ಬಂದಿದೆ. ಆದರೆ ನೀವು ಬೇಲಿಯ ಬಳಿ ನಿಂತುಬಿಟ್ಟಿರಿ. ನಾನು ಬರೆದ ಮೂರು ಅರ್ಜಿಗಳಿಗೂ ಒಂದೇ ಉತ್ತರ: ತಮ್ಮ ಜಮೀನಿನಲ್ಲಿ ಪ್ರಾಚೀನ ಅವಶೇಷಗಳಿರುವುದಕ್ಕೆ ಆಧಾರವಿಲ್ಲ. ಹಾಗಾದರೆ ಶಾಬಾನನ ಮುಳ್ಳುತಂತಿ ಎಲ್ಲಿ ಬರುತ್ತದೆಂದು ಎರಡು ಸಾವಿರ ವರ್ಷದ ಹಿಂದೆಯೇ ವಿಚಾರಿಸಿಕೊಂಡು ರೋಮನ್ನರು ಮನೆ ಕಟ್ಟಿದ್ದರೇ?

ಶಾಬಾನ್ ಈಗ ಚಹಾ ಅಂಗಡಿಗೆ ಬಂದರೆ ಜನ ಎದ್ದು ಕುರ್ಚಿ ಬಿಡುತ್ತಾರೆ. ಮೊನ್ನೆ ನನ್ನೆದುರೇ ಕೂತು, "ಹಿಕ್ಮೆತಣ್ಣ, ನಿನ್ ತೋಟದಲ್ಲೂ ಕಲ್ಲಿಗೇನು ಬರ ಇಲ್ಲ ಬಿಡು. ನಮ್ಮವು ಸ್ವಲ್ಪ ಓದಿದ ಕಲ್ಲು, ಅಷ್ಟೇ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನಿಗೆ ಸಿಕ್ಕಿರುವುದು ಬರೀ ಅಂಚು, ನಾಲ್ಕು ಮೀನು ಮತ್ತು ಒಂದಿಷ್ಟು ಅಲೆ. ನಡುವಿನ ಚಿತ್ರ ನನ್ನಲ್ಲಿದೆ.

ಆಧಾರ ಕೇಳಿದಿರಲ್ಲ, ಕೊಡುತ್ತೇನೆ. ಮೂವತ್ತೊಂದು ವರ್ಷದ ಹಿಂದೆ ನಾನೂ ನನ್ನ ಹೆಂಡತಿ ಜೆಕಿಯೆಯೂ ಸಸಿಗೆ ಗುಂಡಿ ತೋಡುತ್ತಿದ್ದಾಗ ಗುದ್ದಲಿ ಗಟ್ಟಿ ನೆಲಕ್ಕೆ ತಾಗಿತು. ಜೆಕಿಯೆ ಕೈಯಿಂದ ಮಣ್ಣು ಸರಿಸಿ, ಕುಡಿಯಲು ತಂದ ನೀರನ್ನೆಲ್ಲ ಅದರ ಮೇಲೆ ಸುರಿದಳು. ಬಣ್ಣ ಎದ್ದಿತು. ಒಬ್ಬ ಹೆಂಗಸಿನ ಮುಖ, ದೊಡ್ಡ ಕಣ್ಣು.

"ಅಯ್ಯೋ, ನನ್ನನ್ನೇ ನೋಡ್ತಿದ್ದಾಳಲ್ರೀ" ಎಂದಳು ಜೆಕಿಯೆ.

"ನೋಡಿದ್ದು ಸಾಕು, ಮುಚ್ಚು. ಮ್ಯೂಸಿಯಂನವ್ರಿಗೆ ಗೊತ್ತಾದ್ರೆ ತೋಟ ಹೋಯ್ತು ಅಂತ್ಲೇ ಲೆಕ್ಕ."

"ಒಂದ್ಸಲ ಅಮ್ಮನಿಗಾದ್ರೂ ತೋರಿಸ್ತೀನಿ."

"ಯಾರಿಗೂ ಬೇಡ."

ಯೂಫ್ರೆಟಿಸ್ ದಂಡೆಯ ನಮ್ಮ ಊರುಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ. ನೆಲದಲ್ಲಿ ಏನಾದರೂ ಕಂಡರೆ ಮಣ್ಣೆಳೆದು ಬಾಯಿ ಮುಚ್ಚಿಕೊಳ್ಳುತ್ತೇವೆ, ನಿಮ್ಮ ಕಚೇರಿಯ ಮೇಲೆ ನಮಗಿರುವ ನಂಬಿಕೆ ಅಂಥದ್ದು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಗುರುತು ಸಿಗದಿರಲೆಂದು ಆ ಮುಖದ ಮೇಲೆಯೇ ಸಸಿ ನೆಟ್ಟೆ. ಜೆಕಿಯೆ ವಾರವೆಲ್ಲ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ತೋಟಕ್ಕೆ ಬಂದಾಗಲೆಲ್ಲ ಊಟದ ಬುತ್ತಿ ಬಿಚ್ಚುತ್ತಿದ್ದುದು ಆ ಮರದ ಬುಡದಲ್ಲೇ. ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಶಾಬಾನ್ ಗುಂಡಿ ತೋಡಿದ್ದು ಅದರ ಮುಂದಿನ ವಸಂತದಲ್ಲಿ.

ಹೋದ ತಿಂಗಳು ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಶಾಬಾನನ ಹೆಂಡತಿ ನಾಜಿಫೆ ಮೊಣಕಾಲೂರಿ ಆ ಮೀನುಗಳ ಮೇಲೆ ನೀರು ಚಿಮುಕಿಸುತ್ತಿದ್ದಾಳೆ, ನಗುತ್ತಿದ್ದಾಳೆ, ನಿಮ್ಮವರು ಸುತ್ತ ನಿಂತಿದ್ದಾರೆ. ಶಾಬಾನನಿಗೆ ಸಿಕ್ಕ ಕುರ್ಚಿ ನನಗೆ ಬೇಡ ಸ್ವಾಮಿ. ಅವನ ಹೆಂಡತಿಗೆ ಸಿಕ್ಕ ಆ ಒಂದು ಗಳಿಗೆಯನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ನನ್ನವಳಿಗೆ ಅದು ಮೊದಲೇ ಸಿಕ್ಕಿತ್ತು, ಕೈಯಿಂದ ಕಿತ್ತುಕೊಂಡವನು ನಾನು.

ಮರೆಮಾಚಿದ್ದು ಅಪರಾಧವೆಂದು ಬಲ್ಲೆ, ಶಿಕ್ಷೆ ಏನಿದೆಯೋ ಕೊಡಿ. ಆದರೆ ಈ ಸಲದ ಕೆಲಸ ಮುಗಿಸಿ ಹೊರಡುವ ಮೊದಲು ಬೇಲಿ ದಾಟಿ ಬನ್ನಿ. ಬೇಲಿಯಿಂದ ಮೂರನೆಯ ಮರ. ಕಡಿಯಲು ನಾನೇ ಕೈ ಹಾಕುತ್ತೇನೆ. ಅದರ ಬೇರು ಆ ಮುಖವನ್ನು ಸೀಳಿರಬಹುದು. ಸೀಳಿದ್ದರೆ ಸಸಿ ನೆಟ್ಟವನು ಯಾರೆಂದು ನಿಮ್ಮ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಕಣ್ಣೊಂದಾದರೂ ಉಳಿದಿದ್ದರೆ, ಮೊದಲು ಕಂಡವರು ಜೆಕಿಯೆ ಎಂದು ಬರೆಯಿರಿ. ಸಾಯುವ ತನಕ ಅವಳು ಯಾರಿಗೂ ಹೇಳಲಿಲ್ಲ, ನಾನು ಬೇಡ ಎಂದಿದ್ದೆನೆಂಬ ಒಂದೇ ಕಾರಣಕ್ಕೆ.

ಇಂತಿ,
ಕಂಡೂ ಮಣ್ಣೆಳೆದ
ಹಿಕ್ಮೆತ್