ಎಣಿಸದೆ ಬಿಟ್ಟ ಕಂಬ

ಬ್ಯಾಡಗಿ,
೨೧ ಜನವರಿ ೨೦೨೫

ಮುದ್ದಿನ ಮೊಮ್ಮಗಳು ಮುಸರತಳಿಗೆ ದಾದಿಯ ಸಲಾಂ, ದುವಾ.

ಬೆಳಗಾವಿಯ ಚಳಿಗೆ ನಿನ್ನ ಹಲ್ಲುನೋವು ಹೇಗಿದೆ? ಲವಂಗ ಕಚ್ಚಿಕೊಂಡು ದಿನ ತಳ್ಳಬೇಡ, ಡಾಕ್ಟರಿಗೆ ತೋರಿಸು. ನಿನ್ನ ಗಂಡ ಜಾವೇದನ ಕೆಮ್ಮನ್ನೂ ವಿಚಾರಿಸು; ಗಂಡಸರು ತಾವಾಗಿ ಹೇಳುವುದಿಲ್ಲ. ನಾನು ಆರಾಮ. ಮಂಡಿಗೆ ಅಂಗಳದ ಬಿಸಿಲೇ ಔಷಧ.

ನಿನ್ನೆ ಮನೆಗೆ ರಾಣೆಬೆನ್ನೂರಿನ ಭುವನಾ ಟೀಚರ್ ಬಂದಿದ್ದರು. ರಮಜಾನಿಗೆ ಮುಂಚೆ ಮಾರಬೇಕೆಂದು ನನ್ನ ಬಾಯಿಂದ ಕೇಳಿ ನೀನು ಬರೆದ, ಕ್ರೋಶಾ ಟೋಪಿ ಹೆಣೆಯುವ ಪ್ಯಾಟರ್ನ್ ಹಾಳೆಯನ್ನು ತಿದ್ದಲು ಕೊಟ್ಟು, ತಪ್ಪು ತೋರಿಸಿದ್ದಕ್ಕೆ ಸಿಟ್ಟಾಗಿ ಫೋನೇ ಎತ್ತದೆ ಬಿಟ್ಟಿದ್ದೀಯಲ್ಲ, ಅದೇ ಟೀಚರ್. "ನಮ್ಮ ದಾದಿ ಐವತ್ತ ವರ್ಷದಿಂದ ಹೆಣಿತಾಳ, ಆಕಿ ಲೆಕ್ಕ ತಪ್ಪಂಗಿಲ್ಲ" ಎಂದು ನೀನು ಕಳಿಸಿದ ಮೆಸೇಜ್ ಓದಿ ತೋರಿಸಿದರು. ಹಿಗ್ಗೂ ಆಯಿತು, ನಾಚಿಕೆಯೂ ಆಯಿತು. ಪ್ಯಾಟಿಯ ದಿನ ಬೇರೆ. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಚೀಲದಿಂದ ಒಂದು ಟೋಪಿ ತೆಗೆದರು. ನೀನು ಬರೆದಂತೆಯೇ ಹೆಣೆದದ್ದಂತೆ. "ಇದನ್ನ ಯಾರ ತಲಿಗೆ ಹಾಕೂಣ್ರಿ ಅವ್ವಾರ, ತೆಂಗಿನಕಾಯಿಗೆ?" ಎಂದರು. ಖರೇ, ಅಷ್ಟು ಸಣ್ಣದಿತ್ತು.

ಅವರ ತಕರಾರು ಇಷ್ಟೇ: ಮೊದಲ ಸುತ್ತಿಗೆ, ಸೂಜಿಗೆ ದಾರ ಸುತ್ತಿ ಎಬ್ಬಿಸುವ ಕಂಬ ಹನ್ನೊಂದು ಎಂದು ಬರೆದಿದ್ದೀ. ಮುಂದಿನ ಸುತ್ತಿಗೆ ಒಂದೊಂದರಲ್ಲಿ ಎರಡೆರಡು. ಹಾಗಾದರೆ ಇಪ್ಪತ್ತೆರಡಾಗಬೇಕು, ನೀನು ಬರೆದದ್ದು ಇಪ್ಪತ್ತಮೂರು. ನಾನೂ ಹಟ ಹಿಡಿದು, "ಹಾಳಿ ಬಿಡ್ರಿ, ನನ್ನ ಕೈ ನೋಡ್ರಿ" ಎಂದು ಸೂಜಿ ಹಿಡಿದು ಕೂತೆ. ಅವರು ಚಹಾ ಆರಿದರೂ ನನ್ನ ಬೆರಳಿನಿಂದ ಕಣ್ಣು ತೆಗೆಯಲಿಲ್ಲ. ಎರಡನೇ ಸುತ್ತು ಶುರುವಾದೊಡನೆ ಮಣಿಕಟ್ಟು ಹಿಡಿದರು. "ಈಗ ಬಿಸ್ಮಿಲ್ಲಾ ಅಂದ್ರಲ್ಲ, ಆ ಕಂಬ ಎಣಿಸಿದ್ರೇನ್ರಿ?"

ಎಣಿಸಿರಲಿಲ್ಲ ಬೇಟಾ! ನಮ್ಮಮ್ಮ ಕಲಿಸಿದ ರೀತಿ ಅದು: ಸುತ್ತಿನ ಮೊದಲ ಕಂಬ ಬಿಸ್ಮಿಲ್ಲಾ, ಎರಡನೆಯದರಿಂದ ಒಂದು, ಎರಡು, ಮೂರು. ನನ್ನ ಕೈ ಹನ್ನೆರಡು ಹಾಕಿತು, ಬಾಯಿ ನಿನಗೆ ಹನ್ನೊಂದು ಹೇಳಿತು. ನೀನು ನನ್ನ ಬಾಯನ್ನು ನಂಬಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ತಿದ್ದುವುದೆಂದರೆ ಹುಳುಕು ಹುಡುಕುವುದು ಎಂದುಕೊಂಡಿದ್ದೆ. ಆದರೆ ಐರಣಿಯಲ್ಲೋ ಮೋಟೆಬೆನ್ನೂರಲ್ಲೋ ಈ ಪ್ಯಾಟರ್ನ್ ಕೊಂಡು ಹೆಣೆಯುವವಳ ಪಕ್ಕದಲ್ಲಿ ನಾನು ಕೂತಿರುವುದಿಲ್ಲವಲ್ಲ. ಅವಳಿಗೆ ಇರುವುದು ಆ ಹಾಳೆಯೊಂದೇ.

ನಿಮ್ಮಿಬ್ಬರಿಗೂ ಅಲ್ಲಾಹ ಆರೋಗ್ಯ ಕೊಡಲಿ, ಕೈಗೆ ಸದಾ ಕೆಲಸ ಕೊಡಲಿ.

ನಿನ್ನ ದಾದಿ,
ಸಕೀನಾಬಿ

ಮರೆತಿದ್ದೆ: ಪ್ರತಿ ಸುತ್ತಿಗೂ ಒಂದು ಕೂಡಿಸಿ ಟೀಚರ್ ತಿದ್ದಿದ ಹಾಳೆ ಇದರೊಳಗಿದೆ. "ಮೊಮ್ಮಗಳು ಹ್ಞೂಂ ಅನ್ನೂತನಕ ಇದು ಹೊರಗ ಹೋಗಂಗಿಲ್ರಿ" ಎಂದು ಹೋಗಿದ್ದಾರೆ. ಭಾನುವಾರ ನೀನೇ ಫೋನ್ ಮಾಡುತ್ತೀ ಎಂದು ನಾನು ಮಾತು ಕೊಟ್ಟಿದ್ದೇನೆ. ಮೊದಲು ತಪ್ಪಾಯಿತು ಎನ್ನು, ಟೋಪಿಯ ಮಾತು ಆಮೇಲೆ. ಪ್ಯಾಟರ್ನಿನಲ್ಲಿ ನನ್ನ ಹೆಸರಿನ ಪಕ್ಕ ಅವರ ಹೆಸರೂ ಇರಲಿ. ಅವರದನ್ನು ಹಾಕುವುದಿಲ್ಲವೆಂದರೆ ನನ್ನದನ್ನೂ ತೆಗೆದುಬಿಡು.