ಅತ್ತೆ ಕೊಟ್ಟ ಫ್ರಿಜ್ಜು

ಮಾರ್ಚ್ ೧೧, ೧೯೯೫, ಶನಿವಾರ. ಸುವೊನ್.

ಬದುಕಿದೆನಪ್ಪಾ! ಸೋಪು ಮಾರಿ ಹುಟ್ಟಿ ಟಿ.ವಿ.ವರೆಗೆ ಬೆಳೆದ ನಮ್ಮ ಸೆಬ್ಯೋಲ್ ಕಂಪನಿಯ ಹೊಸ ಲಾಂಛನವನ್ನು ಊರಿಗೆಲ್ಲ ಸಾರುವ ಮಹಾಪುರುಷ ನಾನು. ನನ್ನ ಮನೆಯಲ್ಲೇ ಎದುರಾಳಿ ಕಂಪನಿಯ ಫ್ರಿಜ್ಜು! ಮದುವೆಗೆ ಅತ್ತೆ ಕೊಟ್ಟದ್ದು. ಇವತ್ತು ಹೊಸಮನೆಯ ಊಟಕ್ಕೆ ನಮ್ಮ ವಿಭಾಗದ ಮುಖ್ಯಸ್ಥ ನಾಮ್‌ಗುಂಗ್ ಬರುವವರಿದ್ದರು. ನನ್ನ ಬಡ್ತಿ ಅವರ ಕೈಯಲ್ಲಿದೆ. ಫ್ರಿಜ್ಜಿನ ಬಾಗಿಲ ಮೇಲಿದ್ದ ಎದುರಾಳಿಯ ಹೆಸರು ಮುಚ್ಚುವಂತೆ ನಮ್ಮ ಲಾಂಛನದ ಸ್ಟಿಕ್ಕರ್ ಅಂಟಿಸಿದೆ.

"ಅಮ್ಮನ ಫ್ರಿಜ್ಜಿಗೆ ನಾಮಕರಣಾನಾ? ತೊಟ್ಟಿಲು ತರ್ಲಾ?" ಎಂದಳು ಹೆಂಡತಿ.

ಬಿಯರಿಗೆಂದು ಫ್ರಿಜ್ಜು ತೆರೆದ ಮುಖ್ಯಸ್ಥರು ಹಾಗೇ ನಿಂತರು. ಒಳಗಿನ ಟ್ರೇಗಳ ಮೇಲೆಲ್ಲ ಎದುರಾಳಿಯ ಹೆಸರು! ನಾನು ಕಿಮ್ಚಿ ಉಪ್ಪಿನಕಾಯಿಗಿಂತ ಕೆಂಪಾದೆ.

"ಏನಯ್ಯಾ ತಾಕ್, ಅತ್ತೆ ಕೊಟ್ಟಿದ್ದಾ?"

"ಹೌದು ಸಾರ್."

"ಇನ್ನೊಂದು ಸ್ಟಿಕ್ಕರ್ ಇದ್ರೆ ಕೊಡು. ನಾಳೆ ನಿರ್ದೇಶಕರು ನಮ್ಮನೆಗೆ ಊಟಕ್ಕೆ ಬರ್ತಾರೆ."

ಎರಡು ಕೊಟ್ಟೆ. ನಿರ್ದೇಶಕರಿಗೂ ಅತ್ತೆ ಇರಬಹುದಲ್ಲ...