ಬಾಯ್ತುಂಬ ಕರೆಯಲು ಹತ್ತು ಮಾತು

ಗೈದರ್ಸ್‌ಬರ್ಗ್,
ಅಕ್ಟೋಬರ್ 10, 2024, ಗುರುವಾರ

ರಚನಾಳ ಅಪ್ಪನಿಗೆ, ಪ್ರೀತಿಯ ನಮಸ್ಕಾರ.

ಇಪ್ಪತ್ತೆಂಟು ವರ್ಷ ಗುರು ಎಂದು ಕರೆದವಳು ಇವತ್ತೇಕೆ ಹೀಗೆ ಶುರುಮಾಡಿದ್ದಾಳೆ ಎಂದು ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಅಮ್ಮ ಮಾವನವರಿಗೆ ಕಾಗದ ಬರೆದರೆ ‘ಗುರುವಿನ ಅಪ್ಪನಿಗೆ’ ಎಂದೇ ಬರೆಯುತ್ತಿದ್ದರಂತೆ. ನನಗೂ ಇವತ್ತು ಅದೇ ಸರಿ ಅನ್ನಿಸಿತು. ಆರೋಗ್ಯ ಹೇಗಿದೆ? ಬಿಪಿ ಮಾತ್ರೆ ಬೆಳಿಗ್ಗೆಯೇ ತೆಗೆದುಕೊಳ್ಳುತ್ತಿದ್ದೀರಾ, ಇಲ್ಲ ನೆನಪಾದಾಗಲೋ? ಮೊಣಕಾಲು ನೋವು? ಈ ಪಾರ್ಸೆಲ್‌ನಲ್ಲಿ ಚಟ್ನಿಪುಡಿಯೂ ಕೊಬ್ಬರಿಮಿಠಾಯಿಯೂ ಇವೆ, ಮಿಠಾಯಿಯನ್ನು ಒಂದೇ ದಿನಕ್ಕೆ ಮುಗಿಸಬೇಡಿ. ಫೋನ್ ಮಾಡಿದರೆ ‘ಮೀಟಿಂಗಲ್ಲಿದೀನಿ’ ಅನ್ನುತ್ತೀರಿ. ವಾಟ್ಸಾಪ್‌ಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹದಿನೈದು ದಿನಕ್ಕೊಮ್ಮೆ ಕೆಲಸದ ಊರು ಶಾರ್ಲಟ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದವರು ಜುಲೈನಿಂದ ಈ ಕಡೆ ತಲೆ ಹಾಕಿಲ್ಲ. ರಚನಾ ಸೆರ್ಜ್‌ನನ್ನು ಮದುವೆಯಾಗುತ್ತೇನೆ ಎಂದ ದಿನ, ಕ್ಯಾಮರೂನ್ ಕಡೆಯ ಹುಡುಗನಿಗೆ ಹೆಣ್ಣು ಕೊಟ್ಟರೆ ನಾಲ್ಕು ಜನ ಏನಂತಾರೆ ಎಂದು ಎದ್ದು ಹೋದಿರಿ. ಆ ನಾಲ್ಕು ಜನರನ್ನು ನಾನೂ ಹುಡುಕುತ್ತಿದ್ದೇನೆ. ಮೊನ್ನೆ ಬೊಂಬೆ ನೋಡಲು ಬಂದ ನಮ್ಮ ಕನ್ನಡ ಬಳಗದ ಇಂದು, ಶ್ರಾವಣಿ ಇಬ್ಬರೂ ಕೇಳಿದ್ದು ಒಂದೇ, ಊಟಕ್ಕೆ ಹೋಳಿಗೆ ಇರುತ್ತದೆಯೇ ಎಂದು. ಇರಲಿ, ಜಗಳಕ್ಕೆ ಕಾಗದ ಹಿಡಿದಿಲ್ಲ. ನಿಮ್ಮ ಅಪ್ಪನ ಸುದ್ದಿ ಹೇಳಬೇಕು.

ಆಗಸ್ಟ್‌ನಲ್ಲಿ ಸೆರ್ಜ್ ಮುಖ ಸಣ್ಣ ಮಾಡಿಕೊಂಡು ಬಂದ. ಅವನ ಅಪ್ಪ ಅಮ್ಮ ಒಪ್ಪಿದ್ದಾರೆ, ಸಾಕಿ ಬೆಳೆಸಿದ ಅಜ್ಜಿ ಓದೆತ್ ಮಾತ್ರ ಹಟ ಹಿಡಿದಿದ್ದಾರೆ. ಹುಡುಗಿಯ ಮನೆಯ ಹಿರಿಯರು ಬಂದು ಕರೆಯದ ಮದುವೆಗೆ ತಾನು ಬರುವುದಿಲ್ಲ ಎಂದರಂತೆ. ಆಕೆಗೆ ಫ್ರೆಂಚ್ ಬಿಟ್ಟರೆ ಅವರ ಊರಿನ ಭಾಷೆ ಮಾತ್ರ ಬರುತ್ತದೆ. ನಾನು ಏನು ಹೇಳುವುದೋ ಎಂದು ಒದ್ದಾಡುತ್ತಿದ್ದರೆ ಮಾವ ಸೋಫಾದಿಂದಲೇ, “ಸರಿಯಾಗೇ ಹೇಳಿದಾರೆ. ಪತ್ರಿಕೆ ಪೋಸ್ಟಲ್ಲಿ ಬಂದ್ರೆ ನಮ್ಮಲ್ಲಿ ಯಾರಾದ್ರೂ ಬರ್ತಾರೇನಮ್ಮ? ಅವರ ಮಾತಲ್ಲೇ ಬಾಯ್ತುಂಬ ಕರೀಬೇಕು” ಎಂದರು. ಸೆರ್ಜ್ ತಾನು ಟ್ರಾನ್ಸ್‌ಲೇಟ್ ಮಾಡುತ್ತೇನೆ ಎಂದ. ಮಾವ ಒಪ್ಪಲಿಲ್ಲ. ಕರೆಯುವುದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಬಾರದಂತೆ.

ಮಾರನೇ ಬುಧವಾರವೇ ಲೈಬ್ರರಿಯ ಫ್ರೆಂಚ್ ಕ್ಲಾಸಿಗೆ ಹೊರಟರು. ಎಪ್ಪತ್ತೆಂಟರ ವಯಸ್ಸಿನಲ್ಲಿ, ಮಂಕಿಕ್ಯಾಪ್ ಹಾಕಿಕೊಂಡು, ಬಸ್ಸಿನಲ್ಲಿ! ನಾನು ಡ್ರಾಪ್ ಮಾಡುತ್ತೇನೆ ಎಂದರೂ ಕೇಳಲಿಲ್ಲ. ಮೈಸೂರು-ಊಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರಿಗೆ ಕಂಡಕ್ಟರ್ ಇಲ್ಲದ ಬಸ್ಸು ಕಂಡರೆ ಅಯ್ಯೋ ಅನ್ನಿಸುತ್ತದಂತೆ, ಜೊತೆಗಿರೋಣ ಎಂದು ಹತ್ತುತ್ತಾರಂತೆ. ತಮಿಳನ್ನು ಅವರು ಆ ಬಸ್ಸಿನಲ್ಲೇ ಕಲಿತದ್ದು ನಿಮಗೆ ಗೊತ್ತಲ್ಲ. ಒಂದು ಭಾಷೆಗೆ ಹತ್ತು ಮಾತು ಸಾಕು, ಮಿಕ್ಕಿದ್ದನ್ನು ಪ್ಯಾಸೆಂಜರುಗಳೇ ಕಲಿಸುತ್ತಾರೆ ಎಂಬುದು ಅವರ ಸಿದ್ಧಾಂತ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶ್ರೀಕಾರ ಹಾಕಿ ಕನ್ನಡ ಅಕ್ಷರದಲ್ಲಿ ಬೋಂಜೂರ್, ಮೆರ್ಸಿ, ಸಿಲ್ ವು ಪ್ಲೇ ಎಂದು ಸಾಲಾಗಿ ಬರೆದುಕೊಂಡಿದ್ದಾರೆ. ಪಕ್ಕದಲ್ಲೇ ನಮಸ್ಕಾರ, ಥ್ಯಾಂಕ್ಸು, ದಯವಿಟ್ಟು. ಗಂಟಲಿನಿಂದ ಹೊರಡಿಸಬೇಕಾದ ರಕಾರವನ್ನು ಬೆಳಿಗ್ಗೆ ಉಪ್ಪುನೀರು ಮುಕ್ಕಳಿಸುವಾಗ ಅಭ್ಯಾಸ ಮಾಡುತ್ತಾರೆ. ಮೊದಲ ದಿನ ನಾನು ಗಾಬರಿಯಾಗಿ ಓಡಿಬಂದೆ. ನನ್ನ ಅಡುಗೆಮನೆಯ ಡಬ್ಬಿಗಳಿಗೂ ಚೀಟಿ ಬಿದ್ದಿದೆ. ಅಕ್ಕಿ ‘ರೀ’, ಉಪ್ಪು ‘ಸೆಲ್’, ಹಾಲಿನ ಕ್ಯಾನು ‘ಲೆ’. ಸದ್ಯ, ಹುಣಿಸೆಹಣ್ಣಿಗೆ ಏನನ್ನುತ್ತಾರೆಂದು ಟೀಚರಿಗೂ ಗೊತ್ತಿರಲಿಲ್ಲ. ಒಂದು ದಿನ ಕ್ಲಾಸಿನಿಂದ ಬಂದವರೇ, “ಇವರಲ್ಲೂ ನೀನು ಬೇರೆ, ನೀವು ಬೇರೆ ಇದೆ ಕಣಮ್ಮ ನೀರಜಾ. ಮರ್ಯಾದಸ್ಥ ಜನ” ಎಂದರು. ಅವತ್ತಿನಿಂದ ಬೀಗರ ಮೇಲೆ ಅವರಿಗೆ ಗೌರವ ದುಪ್ಪಟ್ಟಾಗಿದೆ. ಮರೆಯುತ್ತಾರೆ, ತಪ್ಪುತ್ತಾರೆ, ಕ್ಲಾಸಿನಲ್ಲಿ ಮೊಮ್ಮಕ್ಕಳ ವಯಸ್ಸಿನವರು ನಕ್ಕರೆ ತಾವೂ ನಕ್ಕು ಇನ್ನೊಮ್ಮೆ ಹೇಳುತ್ತಾರೆ. ನಿಜ ಹೇಳುತ್ತೇನೆ, ನನಗೆ ಅವರನ್ನು ನೋಡಿದರೆ ಹೆಮ್ಮೆಯಾಗುತ್ತದೆ, ನನ್ನ ಬಗ್ಗೆ ನಾಚಿಕೆಯೂ ಆಗುತ್ತದೆ.

ಕಳೆದ ಭಾನುವಾರ ಸಿಲ್ವರ್ ಸ್ಪ್ರಿಂಗ್‌ನಲ್ಲಿರುವ ಸೆರ್ಜ್‌ನ ಅಜ್ಜಿಯ ಮನೆಗೆ ಹೋದೆವು. ಮಾವ ಪಂಚೆ ಉಟ್ಟು, ಶಲ್ಯ ಹೊದ್ದು, ತಟ್ಟೆಯಲ್ಲಿ ಪತ್ರಿಕೆ, ಅಕ್ಷತೆ, ಎಲೆಅಡಿಕೆ, ತೆಂಗಿನಕಾಯಿ ಇಟ್ಟುಕೊಂಡಿದ್ದರು. ಓದೆತ್ ಅಜ್ಜಿ ದೊಡ್ಡ ಹೂವಿನ ರುಮಾಲು ಕಟ್ಟಿಕೊಂಡು, ನಗದೆ ಕುಳಿತಿದ್ದರು. ಮೊದಲು ಕರಿದ ಬಾಳೆಕಾಯಿಯ ತಟ್ಟೆ ಬಂತು. ಮಾವ ನಮ್ಮ ಸಂಪ್ರದಾಯದಂತೆ ಕೈಯಾಡಿಸಿ “ನೋಂ, ಮೆರ್ಸಿ” ಎಂದರು. ಆಕೆ ತಟ್ಟೆ ಒಳಗೆ ಕಳಿಸಿಬಿಟ್ಟರು! ಇನ್ನೆರಡು ಸಲ ಉಪಚಾರ ಮಾಡುತ್ತಾರೆಂದು ಕಾಯುತ್ತಿದ್ದ ಮಾವನ ಮುಖ ನೀವು ನೋಡಬೇಕಿತ್ತು. ಆಮೇಲೆ ಎದ್ದು ನಿಂತು, ತಟ್ಟೆ ಎರಡೂ ಕೈಯಲ್ಲಿ ಹಿಡಿದು, “ಮದಾಮ್, ವನೇ ಓ ಮಾರಿಯಾಜ್ ದ ಮಾ ಪೆತಿತ್ ಫೀಯ್, ಸಿಲ್ ವು ಪ್ಲೇ” ಎಂದರು. ಅಮ್ಮಾ, ನನ್ನ ಮೊಮ್ಮಗಳ ಮದುವೆಗೆ ಬನ್ನಿ, ದಯವಿಟ್ಟು. ಒಂದು ಮಾತೂ ತಪ್ಪಲಿಲ್ಲ. ಅಜ್ಜಿ ಎದ್ದು ತಟ್ಟೆಯನ್ನು ತಾವೂ ಎರಡೂ ಕೈಯಲ್ಲಿ ಇಸಿದುಕೊಂಡರು. ರಚನಾ ಗಳಗಳ ಅತ್ತಳು. ನಾನೂ ಅತ್ತೆ. ಬಾಳೆಕಾಯಿ ಮತ್ತೆ ಬಂತು, ಈ ಸಲ ಮಾವ ಎರಡು ಸಲ “ವೀ, ವೀ” ಎಂದರು, ಆಗಲಿ ಆಗಲಿ ಎಂದು.

ಹೊರಡುವಾಗ ಅಜ್ಜಿ ಒಂದೇ ಪ್ರಶ್ನೆ ಕೇಳಿದರು. ಅದರಲ್ಲಿ ‘ಪೇರ್’ ಎಂಬ ಪದ ಮಾವನಿಗೆ ಗೊತ್ತಿತ್ತು, ಅಪ್ಪ ಎಂದು. ಹುಡುಗಿಯ ಅಪ್ಪ ಎಲ್ಲಿ? ಮಾವ ಸೆರ್ಜ್‌ನ ಕಡೆ ತಿರುಗಿದರು. ಕೊನೆಗೆ ಸೆರ್ಜ್ ಏನೋ ಹೇಳಿ ಸಂಭಾಳಿಸಿದ. ಮದುವೆ ನವೆಂಬರ್ ಇಪ್ಪತ್ತಮೂರು, ಶನಿವಾರ. ನಿಮ್ಮ ರೇಷ್ಮೆ ಪಂಚೆ ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ. ಮಾವ ಆಶೀರ್ವಾದ ತಿಳಿಸಿದ್ದಾರೆ. ರಚನಾ ಏನೂ ತಿಳಿಸಿಲ್ಲ, ನಿಮ್ಮ ಮಗಳಲ್ಲವೇ, ನಿಮ್ಮ ಹಟವೇ ಬಂದಿದೆ. ಮೈ ಹುಷಾರು.

ನಿಮ್ಮ
ನೀರಜಾ

ತಾ.ಕ.: ಪಾರ್ಸೆಲ್ ಅಂಟಿಸುವ ಮೊದಲು ಇದೊಂದು. ನಿಮ್ಮ ಅಪ್ಪನ ನೋಟ್‌ಬುಕ್ಕಿನಲ್ಲಿ ಹತ್ತನೇ ಮಾತು ‘ಮೋಂ ಫಿಸ್ ಎ ಮಲಾದ್’ ಎಂದಿತ್ತು, ನನ್ನ ಮಗನಿಗೆ ಹುಷಾರಿಲ್ಲ ಎಂದು. ನಿಮ್ಮ ಮರ್ಯಾದೆ ಉಳಿಸಲು ಟೀಚರನ್ನು ಕೇಳಿ ಬಾಯಿಪಾಠ ಮಾಡಿದ್ದರಂತೆ. ಅಜ್ಜಿ ಕೇಳಿದಾಗ ಹೇಳಲಾಗಲಿಲ್ಲ. “ಹತ್ತೇ ಮಾತು ಕಲ್ತಿದೀನಿ, ಅದ್ರಲ್ಲೊಂದು ಸುಳ್ಳು ಬೇಡ ಕಣಮ್ಮ” ಎಂದು ಕಾರಿನಲ್ಲೇ ಅದನ್ನು ಹೊಡೆದುಹಾಕಿದರು. ನಿನ್ನೆ ಕ್ಲಾಸಿನಿಂದ ಅದರ ಕೆಳಗೆ ಹೊಸದೊಂದು ಬರೆದುಕೊಂಡು ಬಂದಿದ್ದಾರೆ: ‘ಮೋಂ ಫಿಸ್ ವ್ಯಾಂದ್ರಾ.’ ನನ್ನ ಮಗ ಬರುತ್ತಾನೆ. ಇಪ್ಪತ್ತನೇ ತಾರೀಖು ಭಾನುವಾರ ಹನ್ನೊಂದು ಗಂಟೆಗೆ ಅಜ್ಜಿಯ ಮನೆಗೆ ಹೋಗಿ ಹೇಳುತ್ತಾರಂತೆ. ಹೇಳಿಸಲೋ, ಹೊಡೆದುಹಾಕಿಸಲೋ? ಅಷ್ಟರೊಳಗೆ ತಿಳಿಸಿ.